ಎ, ಆ್ಯನ್, ದಿ: ನಾಮಪದದ ಮುಂದೆ ಯಾವುದು ಬೇಕು, ಊರು-ಹೆಸರಿನ ಮುಂದೆ ಯಾವಾಗ ಬೇಡ

ಮಂಡ್ಯದಲ್ಲಿ ಸಂಜೆ ಹೊತ್ತು ಪಿಯುಸಿ, ಡಿಗ್ರಿ ಮಕ್ಕಳ ಇಂಗ್ಲಿಷ್ ಬರವಣಿಗೆ ತಿದ್ದಿಕೊಡೋದು ನನ್ನ ಕೆಲಸ. ಸ್ಪೆಲಿಂಗ್ ತಪ್ಪು, ಕಾಲದ ತಪ್ಪು ಎರಡು ಮೂರು ತಿಂಗಳಲ್ಲಿ ಕಡಿಮೆ ಆಗುತ್ತೆ. ಆರ್ಟಿಕಲ್ ತಪ್ಪು, ಅಂದರೆ ಎ, ಆ್ಯನ್, ದಿ ತಪ್ಪು ಮಾತ್ರ ವರ್ಷ ಕಳೆದರೂ ಹಾಗೇ ಇರುತ್ತೆ. ಓದೋ ಮಕ್ಕಳಷ್ಟೇ ಅಲ್ಲ, ಕೆಲಸಕ್ಕೆ ಅರ್ಜಿ ಬರೆಯೋ ದೊಡ್ಡವರೂ ಇದೇ ಜಾಗದಲ್ಲಿ ಎಡವುತ್ತಾರೆ. ನಿಯಮ ಗೊತ್ತಿಲ್ಲ ಅಂತಲ್ಲ, ಕೇಳಿದರೆ ಪಟಪಟ ಅಂತ ಒಪ್ಪಿಸ್ತಾರೆ. ತಪ್ಪುತ್ತಿರೋದು ಕ್ರಮ.

ಶಾಲೆಯಲ್ಲಿ ನಮಗೆ ಮೊದಲು ಹೇಳಿಕೊಡೋದು ‘ಸ್ವರ ಬಂದರೆ ಆ್ಯನ್, ವ್ಯಂಜನ ಬಂದರೆ ಎ’ ಅನ್ನೋದು. ಹಾಗಾಗಿ ಪೆನ್ನು ಹಿಡಿದ ಕೂಡಲೇ ತಲೆ ಅಲ್ಲಿಗೇ ಓಡುತ್ತೆ. ಅದು ಎಲ್ಲಕ್ಕಿಂತ ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕಿಂತ ಮುಂಚೆ ಉತ್ತರ ಸಿಗಬೇಕಾದ ಪ್ರಶ್ನೆಗಳು ಬೇರೆ ಇವೆ: ಆರ್ಟಿಕಲ್ ಯಾವ ಪದಕ್ಕೆ ಸೇರಿದ್ದು, ಆ ಪದವನ್ನು ಎಣಿಸಬಹುದಾ, ಕೇಳುವವರಿಗೆ ಅದು ಯಾವುದು ಅಂತ ಗೊತ್ತಾ, ಅದು ಹೆಸರಾಗಿದ್ದರೆ ಯಾವ ಬಗೆಯ ಹೆಸರು. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ, ಹಿಂದೆ ಮುಂದೆ ಮಾಡಬೇಡಿ.

ಶುರು ಮಾಡೋ ಮೊದಲು ಕೈಲಿ ಇರಬೇಕಾದ್ದು

ಒಂದು ನೋಟ್‌ಬುಕ್, ಬರೆಯೋಕೆ ಪೆನ್ನು, ಗೆರೆ ಎಳೆಯೋಕೆ ಪೆನ್ಸಿಲ್, ಮತ್ತೆ ಒಂದು ಲರ್ನರ್ಸ್ ಡಿಕ್ಷನರಿ. ಈ ಕೊನೆಯದು ಮುಖ್ಯ. ಮನೆಯಲ್ಲಿರೋ ಇಂಗ್ಲಿಷ್-ಕನ್ನಡ ನಿಘಂಟು ಅರ್ಥ ತಿಳಿಯೋಕೆ ಒಳ್ಳೆಯದು, ಆದರೆ ಒಂದು ಪದವನ್ನು ಎಣಿಸಬಹುದೋ ಇಲ್ಲವೋ ಅಂತ ಅದರಲ್ಲಿ ಸಾಮಾನ್ಯವಾಗಿ ಹಾಕಿರಲ್ಲ. ಲರ್ನರ್ಸ್ ಡಿಕ್ಷನರಿಯಲ್ಲಿ ನಾಮಪದದ ಪಕ್ಕ ‘ಸಿ’ ಅಥವಾ ‘ಯು’ ಅಂತ ಗುರುತು ಇರುತ್ತೆ. ಸಿ ಇದ್ದರೆ ಎಣಿಸಬಹುದು, ಯು ಇದ್ದರೆ ಎಣಿಸೋ ಹಾಗಿಲ್ಲ. ಮೊಬೈಲಿನಲ್ಲಿ ದುಡ್ಡಿಲ್ಲದೆ ಸಿಗೋ ಡಿಕ್ಷನರಿಗಳಲ್ಲೂ ಈ ಗುರುತು ಸಿಗುತ್ತೆ.

ಬರೆಯೋದು ಬೇರೆ, ತಿದ್ದೋದು ಬೇರೆ. ಬರೆಯುವಾಗಲೇ ಆರ್ಟಿಕಲ್ ಯೋಚನೆ ಮಾಡ್ತಾ ಕೂತರೆ ಹೇಳಬೇಕಾದ ಮಾತೇ ಮರೆತುಹೋಗುತ್ತೆ. ಒಂದು ಪ್ಯಾರಾ ಪೂರ್ತಿ ಬರೆದು ಮುಗಿಸಿ, ಆಮೇಲೆ ಪೆನ್ಸಿಲ್ ತಗೊಳ್ಳಿ. ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೀನಿ. ಒಂದೊಂದನ್ನೂ ಬಾಯಿಬಿಟ್ಟು ಓದಿ, ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಳ್ಳಿ.

ಹಂತ 1: ಯಜಮಾನ ಪದ ಹುಡುಕಿ

ಇಂಗ್ಲಿಷಿನಲ್ಲಿ ನಾಮಪದಗಳು ಗುಂಪಾಗಿ ಬರುತ್ತವೆ. ಆ ಗುಂಪಿಗೆ ಒಬ್ಬ ಯಜಮಾನ ಇರ್ತಾನೆ, ಆರ್ಟಿಕಲ್ ಅವನಿಗೆ ಸೇರಿದ್ದು. ‘ಮೈಸೂರ್ ಸಿಲ್ಕ್ ಸ್ಯಾರಿ’ ಅನ್ನೋದರಲ್ಲಿ ಯಜಮಾನ ಮೈಸೂರೂ ಅಲ್ಲ, ರೇಷ್ಮೆಯೂ ಅಲ್ಲ, ಸೀರೆ. ಕನ್ನಡದಲ್ಲೂ ಹಾಗೇ: ‘ಮೈಸೂರು ರೇಷ್ಮೆ ಸೀರೆ’ಯಲ್ಲಿ ಕೊನೆಯ ಪದವೇ ಮುಖ್ಯ. ಸೀರೆ ಎಣಿಸೋ ವಸ್ತು. ಹಾಗಾಗಿ ‘ಶಿ ಬಾಟ್ ಎ ಮೈಸೂರ್ ಸಿಲ್ಕ್ ಸ್ಯಾರಿ’. ಇಲ್ಲಿ ತುಂಬಾ ಜನ ‘ಎ’ ಬಿಟ್ಟುಬಿಡ್ತಾರೆ. ಕಾರಣ ಕೇಳಿದರೆ ‘ಊರಿನ ಹೆಸರಿನ ಮುಂದೆ ಆರ್ಟಿಕಲ್ ಬರಲ್ಲ ಅಲ್ವಾ ಸಾರ್’ ಅಂತಾರೆ. ನಿಯಮ ಸರಿ, ಹಾಕಿದ ಜಾಗ ತಪ್ಪು. ‘ಎ’ ಸೀರೆಯದು, ಊರಿನದಲ್ಲ. ‘ಎ ಮದ್ದೂರ್ ವಡೆ’, ‘ಎ ಮಂಡ್ಯ ಫಾರ್ಮರ್’, ‘ಎ ಹೊಯ್ಸಳ ಟೆಂಪಲ್’ ಎಲ್ಲಕ್ಕೂ ಇದೇ ಲೆಕ್ಕ.

‘ಆಫ್’ ಬಂದರೆ ಮಾತ್ರ ಯಜಮಾನ ಮುಂದಕ್ಕೆ ಹೋಗ್ತಾನೆ. ‘ಯುನಿವರ್ಸಿಟಿ ಆಫ್ ಮೈಸೂರ್’ ಅನ್ನೋದರಲ್ಲಿ ಯಜಮಾನ ಮೊದಲ ಪದ. ಇದನ್ನು ನೆನಪಿಟ್ಟುಕೊಳ್ಳಿ, 5ನೇ ಹಂತದಲ್ಲಿ ಬೇಕಾಗುತ್ತೆ.

ಯಜಮಾನ ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಹಾಕಿ. ಅದರ ಮುಂದೆ ಆಗಲೇ ಮೈ, ಯುವರ್, ದಿಸ್, ದಟ್, ಎವ್ರಿ, ಈಚ್, ಸಮ್ ಇಂಥದ್ದೊಂದು ಕೂತಿದೆಯಾ ನೋಡಿ. ಕೂತಿದ್ದರೆ ಅಲ್ಲಿಗೆ ಮುಗೀತು, ಆರ್ಟಿಕಲ್ ಬೇಡ. ‘ದಿ ಎವ್ರಿ ಸ್ಟೂಡೆಂಟ್’, ‘ಎ ಮೈ ಫ್ರೆಂಡ್’ ಎರಡೂ ತಪ್ಪು. ‘ನನ್ನ ಸ್ನೇಹಿತ ಒಬ್ಬ’ ಅನ್ನಬೇಕಾದರೆ ‘ಎ ಫ್ರೆಂಡ್ ಆಫ್ ಮೈನ್’.

ಹಂತ 2: ಎಣಿಸೋಕೆ ಬರುತ್ತಾ?

ಕನ್ನಡದ ‘ಒಂದು’ ಇಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತೆ. ನಾವು ಒಂದು ಸಲಹೆ, ಒಂದು ಸುದ್ದಿ, ಒಂದು ಮಾಹಿತಿ, ಒಂದು ಕೆಲಸ ಅಂತ ಸಲೀಸಾಗಿ ಅಂತೀವಿ. ಅದನ್ನೇ ಹಾಗೇ ಎತ್ತಿಟ್ಟು ‘ಆ್ಯನ್ ಅಡ್ವೈಸ್’, ‘ಎ ನ್ಯೂಸ್’, ‘ಆ್ಯನ್ ಇನ್ಫರ್ಮೇಶನ್’, ‘ಎ ವರ್ಕ್’ ಅಂತ ಬರೀತೀವಿ. ಇಂಗ್ಲಿಷಿನಲ್ಲಿ ಇವು ಅಕ್ಕಿ, ಹಾಲು, ಬೆಲ್ಲ ಇದ್ದ ಹಾಗೆ: ಸೇರಿನಲ್ಲಿ ಅಳೀಬಹುದು, ಬೆರಳಲ್ಲಿ ಎಣಿಸೋಕಾಗಲ್ಲ. ‘ಎ ಪೀಸ್ ಆಫ್ ಅಡ್ವೈಸ್’ ಅಥವಾ ‘ಸಮ್ ಅಡ್ವೈಸ್’ ಅನ್ನಬೇಕು. ‘ನನಗೊಂದು ಕೆಲಸ ಸಿಕ್ತು’ ಅಂದರೆ ‘ಐ ಗಾಟ್ ಎ ಜಾಬ್’. ‘ನನಗೊಂದು ಕೆಲಸ ಇದೆ’ ಅಂದರೆ ‘ಐ ಹ್ಯಾವ್ ಸಮ್ ವರ್ಕ್’.

ಮತ್ತೆ ಮತ್ತೆ ತಪ್ಪೋ ಪದಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಳ್ಳಿ: ಫರ್ನಿಚರ್, ಲಗೇಜ್, ಎಕ್ವಿಪ್‌ಮೆಂಟ್, ಹೋಮ್‌ವರ್ಕ್, ನಾಲೆಡ್ಜ್, ಟ್ರಾಫಿಕ್. ಇವುಗಳಿಗೆ ‘ಎ’ ಇಲ್ಲ, ಬಹುವಚನದ ‘ಎಸ್’ ಕೂಡ ಇಲ್ಲ. ಎರಡೂ ಒಟ್ಟೊಟ್ಟಿಗೇ ತಪ್ಪುತ್ತವೆ. ‘ಫರ್ನಿಚರ್ಸ್’ ಅಂತ ಬರೆಯೋರು ‘ಎ ಫರ್ನಿಚರ್’ ಅಂತಲೂ ಬರೆದಿರ್ತಾರೆ.

ಇದಕ್ಕೆ ಉಲ್ಟಾ ತಪ್ಪೂ ಇದೆ, ನನ್ನ ಲೆಕ್ಕದಲ್ಲಿ ಅದೇ ಹೆಚ್ಚು. ‘ನಮ್ಮಪ್ಪ ರೈತ’ ಅಂತೀವಿ, ‘ನಮ್ಮಪ್ಪ ಒಬ್ಬ ರೈತ’ ಅಂತ ಮನೆಮಾತಿನಲ್ಲಿ ಯಾರೂ ಹೇಳಲ್ಲ. ಹಾಗಾಗಿ ‘ಮೈ ಫಾದರ್ ಈಸ್ ಫಾರ್ಮರ್’ ಅಂತ ಬರುತ್ತೆ. ಎಣಿಸೋ ಪದ ಏಕವಚನದಲ್ಲಿ ಇದ್ದರೆ ಅದು ಬರಿಮೈಯಲ್ಲಿ ನಿಲ್ಲಬಾರದು, ಮುಂದೆ ಏನಾದರೂ ಇರಲೇಬೇಕು: ಎ, ಆ್ಯನ್, ದಿ, ಮೈ, ದಿಸ್, ಯಾವುದಾದರೂ ಸರಿ. ‘ಮೈ ಫಾದರ್ ಈಸ್ ಎ ಫಾರ್ಮರ್.’ ಇದೊಂದನ್ನು ಹಿಡಿದುಕೊಂಡು ನಿಮ್ಮ ಹಳೆಯ ಪ್ಯಾರಾ ಓದಿದರೂ ಒಂದಷ್ಟು ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತೆ.

ಇಲ್ಲೇ ಇನ್ನೊಂದು ಮಾತು. ‘ಫ್ಯೂ ಸ್ಟೂಡೆಂಟ್ಸ್ ಪಾಸ್ಡ್’ ಅಂದರೆ ಪಾಸಾದೋರು ಇಲ್ಲ ಅನ್ನೋ ಅಷ್ಟು ಕಡಿಮೆ ಅಂತ ಕೊರಗು. ‘ಎ ಫ್ಯೂ ಸ್ಟೂಡೆಂಟ್ಸ್ ಪಾಸ್ಡ್’ ಅಂದರೆ ಒಂದಷ್ಟು ಜನರಾದರೂ ಪಾಸಾದರು ಅಂತ ಸಮಾಧಾನ. ‘ಲಿಟಲ್’, ‘ಎ ಲಿಟಲ್’ ಕೂಡ ಹೀಗೇ. ಒಂದು ‘ಎ’ ಬಿಟ್ಟರೆ ಮಾತಿನ ಅರ್ಥವೇ ತಿರುಗುತ್ತೆ.

ಹಂತ 3: ‘ಯಾವುದು?’ ಅಂತ ಕೇಳ್ತಾರಾ?

‘ದಿ’ ಹಾಕಬೇಕೋ ಬೇಡವೋ ಅನ್ನೋದಕ್ಕೆ ಒಂದೇ ಪರೀಕ್ಷೆ ಸಾಕು. ನೀವು ಆ ಪದ ಹೇಳಿದ ಕೂಡಲೇ ಎದುರಿಗಿರೋರು ‘ಯಾವುದು?’ ಅಂತ ಕೇಳೋ ಹಾಗಿದ್ದರೆ ‘ಎ’. ಅವರಿಗೆ ಅದು ಯಾವುದು ಅಂತ ಆಗಲೇ ಗೊತ್ತಿದ್ದರೆ ‘ದಿ’. ಗೊತ್ತಿರಬೇಕಾದ್ದು ಕೇಳುವವರಿಗೆ, ಹೇಳುವವರಿಗಲ್ಲ. ನಮ್ಮ ಬೀದಿಯ ಅಂಗಡಿ ನನಗೆ ಚೆನ್ನಾಗಿ ಗೊತ್ತು ಅಂತ ‘ಐ ವೆಂಟ್ ಟು ದಿ ಶಾಪ್’ ಅಂತ ಶುರು ಮಾಡಿದರೆ ಬೆಂಗಳೂರಿನಲ್ಲಿ ಕೂತು ಓದೋರಿಗೆ ‘ಯಾವ ಶಾಪು?’ ಅಂತ ಅನಿಸುತ್ತೆ.

ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ನಿಜ. ಆದರೆ ಅದು ಮಾಡೋ ಕೆಲಸ ಕನ್ನಡದಲ್ಲಿ ಇದೆ, ನಾವು ದಿನವೂ ಮಾಡ್ತೀವಿ. ‘ಬೆಲ್ಲ ತಗೊಂಡು ಬಾ’ ಅಂತ ಅಮ್ಮ ಅಂದರೆ ಅಂಗಡಿಗೆ ಓಡ್ತೀರಿ, ಯಾವುದಾದರೂ ಬೆಲ್ಲ ನಡೆಯುತ್ತೆ. ‘ಬೆಲ್ಲಾನ ಒಳಗಿಡು’ ಅಂದರೆ ಜಗಲಿ ಮೇಲೆ ತಂದಿಟ್ಟ ಅದೇ ಬೆಲ್ಲ. ಆ ‘ಆನ’ ಬಂದ ಕಡೆ ಬಹಳ ಸಲ ಇಂಗ್ಲಿಷಿನ ‘ದಿ’ ಬರುತ್ತೆ. ‘ಒಬ್ಬ ಹುಡುಗ ಬಂದ’ ಅಂದರೆ ‘ಎ ಬಾಯ್’, ಬರೀ ‘ಹುಡುಗ ಬಂದ’ ಅಂದರೆ ‘ದಿ ಬಾಯ್’. ಸಂದೇಹ ಬಂದಾಗ ವಾಕ್ಯವನ್ನು ಕನ್ನಡದಲ್ಲಿ, ಅದೂ ಮನೆಮಾತಿನಲ್ಲಿ, ಒಂದು ಸಲ ಹೇಳಿಕೊಳ್ಳಿ. ಪುಸ್ತಕದ ಕನ್ನಡದಲ್ಲಿ ಹೇಳಿಕೊಂಡರೆ ಈ ಕಿವಿ ಕೆಲಸ ಮಾಡಲ್ಲ.

‘ಮೊದಲ ಸಲ ಎ, ಎರಡನೇ ಸಲ ದಿ’ ಅಂತ ಕಲಿತಿದ್ದೀವಲ್ಲ, ಅದು ಅರ್ಧ ಮಾತ್ರ ನಿಜ. ನೋಡಿ: ‘ಐ ಗಾಟ್ ಆನ್ ಎ ಬಸ್ ಅಟ್ ಮಂಡ್ಯ. ದಿ ಕಂಡಕ್ಟರ್ ಆಸ್ಕ್‌ಡ್ ಮಿ ಫಾರ್ ಚೇಂಜ್.’ ಕಂಡಕ್ಟರ್ ಬಂದಿದ್ದು ಇದೇ ಮೊದಲು, ಆದರೂ ‘ದಿ’. ಯಾಕೆಂದರೆ ಬಸ್ ಅಂದ ಮೇಲೆ ಅದಕ್ಕೊಬ್ಬ ಕಂಡಕ್ಟರ್ ಇದ್ದೇ ಇರ್ತಾನೆ, ಯಾರೂ ‘ಯಾವ ಕಂಡಕ್ಟರ್?’ ಅಂತ ಕೇಳಲ್ಲ. ಮನೆ ಅಂದರೆ ದಿ ರೂಫ್, ಕಾಲೇಜು ಅಂದರೆ ದಿ ಪ್ರಿನ್ಸಿಪಾಲ್, ದಸರಾ ಮೆರವಣಿಗೆ ಅಂದರೆ ದಿ ಹೌಡಾ (ಅಂಬಾರಿ). ಇರೋದೇ ಒಂದು. ದಿ ಫಸ್ಟ್, ದಿ ಬೆಸ್ಟ್, ದಿ ಓನ್ಲಿ, ದಿ ಸೇಮ್ ಇವಕ್ಕೂ ಅದೇ ಕಾರಣ.

ಎಚ್ಚರ: ‘ಆಫ್’ ಕಂಡ ಕಡೆಯೆಲ್ಲ ‘ದಿ’ ಹಾಕೋ ಅಭ್ಯಾಸ ಕೆಲವರಿಗಿದೆ. ‘ಹಿ ಈಸ್ ದಿ ಮೆಂಬರ್ ಆಫ್ ದಿ ಸೊಸೈಟಿ’ ಅಂದರೆ ಆ ಹಾಲಿನ ಸೊಸೈಟಿಗೆ ಇರೋದು ಒಬ್ಬನೇ ಸದಸ್ಯ ಅಂತ ಅರ್ಥ ಆಗುತ್ತೆ. ‘ಎ ಮೆಂಬರ್ ಆಫ್ ದಿ ಸೊಸೈಟಿ’ ಅನ್ನಬೇಕು.

ಹಂತ 4: ಇಡೀ ಜಾತಿಯ ಮಾತಾ, ಇಷ್ಟೇ ಇದರ ಮಾತಾ?

‘ಕಬ್ಬಿಗೆ ನೀರು ಬೇಕು’ ಅನ್ನೋದು ಪ್ರಪಂಚದ ಎಲ್ಲ ಕಬ್ಬಿನ ಮಾತು. ‘ಶುಗರ್‌ಕೇನ್ ನೀಡ್ಸ್ ವಾಟರ್’, ಎಲ್ಲೂ ಆರ್ಟಿಕಲ್ ಇಲ್ಲ. ‘ಹೋದ ವರ್ಷ ನಾವು ಹಾಕಿದ ಕಬ್ಬು ಒಣಗಿತು’ ಅನ್ನೋದು ನಮ್ಮ ಹೊಲದ ಕಬ್ಬಿನ ಮಾತು. ‘ದಿ ಶುಗರ್‌ಕೇನ್ ವಿ ಪ್ಲಾಂಟೆಡ್ ಲಾಸ್ಟ್ ಇಯರ್ ಡ್ರೈಡ್ ಅಪ್.’ ಬಹುವಚನಕ್ಕೂ ಹಾಗೇ: ‘ಫಾರ್ಮರ್ಸ್ ವರ್ಕ್ ಹಾರ್ಡ್’ ಅಂದರೆ ರೈತರೆಲ್ಲ, ‘ದಿ ಫಾರ್ಮರ್ಸ್’ ಅಂದರೆ ಆಗಲೇ ಮಾತಿಗೆ ಬಂದಿರೋ ಇಂತಿಷ್ಟು ಜನ ರೈತರು.

ಪ್ರಬಂಧ ಬರೆಯುವಾಗ ‘ದಿ ಲೈಫ್ ಈಸ್ ಡಿಫಿಕಲ್ಟ್’, ‘ದಿ ಎಜುಕೇಶನ್ ಈಸ್ ಇಂಪಾರ್ಟೆಂಟ್’ ಅಂತ ಶುರು ಮಾಡೋದು ಬಹಳ ಕಾಣುತ್ತೆ. ‘ದಿ’ ಹಾಕಿದರೆ ಮಾತಿಗೆ ತೂಕ ಬರುತ್ತೆ ಅನ್ನೋ ಭಾವನೆ ಇರಬೇಕು. ಎರಡರಲ್ಲೂ ಅದನ್ನು ಹೊಡೆದುಹಾಕಿ. ಭಾಷೆಗಳಿಗೂ ಬೇಡ: ‘ಐ ಸ್ಪೀಕ್ ಕನ್ನಡ’. ಕೊನೆಗೆ ‘ಲ್ಯಾಂಗ್ವೇಜ್’ ಸೇರಿದರೆ ಯಜಮಾನ ಬದಲಾದ, ಆಗ ‘ದಿ ಕನ್ನಡ ಲ್ಯಾಂಗ್ವೇಜ್’.

‘ಮೋಸ್ಟ್ ಆಫ್ ಸ್ಟೂಡೆಂಟ್ಸ್’ ಅನ್ನೋದು ಇನ್ನೊಂದು ಹಠಮಾರಿ ತಪ್ಪು. ‘ಮೋಸ್ಟ್ ಸ್ಟೂಡೆಂಟ್ಸ್’ ಅನ್ನಿ, ಇಲ್ಲವೇ ‘ಮೋಸ್ಟ್ ಆಫ್ ದಿ ಸ್ಟೂಡೆಂಟ್ಸ್’ ಅನ್ನಿ. ನಡುವೆ ನಿಲ್ಲೋಕೆ ಜಾಗ ಇಲ್ಲ.

ಶಾಲೆ, ಹಾಸಿಗೆ, ಪ್ರಯಾಣದ ಮಾತುಗಳನ್ನು ಹಾಗೇ ಬಾಯಿಪಾಠ ಮಾಡಿ: ಗೋ ಟು ಸ್ಕೂಲ್, ಗೋ ಟು ಬೆಡ್, ಅಟ್ ಹೋಮ್, ಬೈ ಬಸ್, ಬೈ ಟ್ರೈನ್. ಓದೋಕೆ ಹೋಗೋ ಮಗು ‘ಗೋಸ್ ಟು ಸ್ಕೂಲ್’. ಫೀಸ್ ಕಟ್ಟೋಕೆ ಹೋಗೋ ಅಪ್ಪ ‘ಗೋಸ್ ಟು ದಿ ಸ್ಕೂಲ್’, ಅವನಿಗೆ ಅದು ಬರೀ ಕಟ್ಟಡ.

ಹಂತ 5: ಹೆಸರುಗಳು

ಹೆಚ್ಚು ಜನ ಸೋಲೋದು ಇಲ್ಲಿ, ಅದಕ್ಕೆ ನಿಧಾನವಾಗಿ ಹೋಗೋಣ. ತಳಪಾಯ ಇಷ್ಟು: ಹೆಸರು ಇಡೋದೇ ‘ಯಾವುದು?’ ಅನ್ನೋ ಪ್ರಶ್ನೆ ಬರದೇ ಇರಲಿ ಅಂತ. ಹಾಗಾಗಿ ಅದಕ್ಕೆ ಮತ್ತೆ ‘ದಿ’ ಬೇಕಾಗಲ್ಲ. ಆದರೆ ಹೆಸರೊಳಗೆ ಸಾಮಾನ್ಯ ಪದವೊಂದು ಯಜಮಾನನಾಗಿ ಕೂತಿದ್ದರೆ ‘ದಿ’ ಬಾಗಿಲು ತಟ್ಟುತ್ತೆ.

*ಮನುಷ್ಯರು.* ಹೆಸರಿಗೆ ಆರ್ಟಿಕಲ್ ಇಲ್ಲ. ಹೆಸರಿನ ಮುಂದೆ ಪದವಿ ಅಂಟಿಕೊಂಡಿದ್ದರೂ ಇಲ್ಲ: ‘ದಿವಾನ್ ವಿಶ್ವೇಶ್ವರಯ್ಯ’, ‘ಮಹಾರಾಜ ಕೃಷ್ಣರಾಜ ಒಡೆಯರ್’. ಪದವಿ ಒಂದೇ ನಿಂತರೆ ಬೇಕು: ‘ದಿ ಮಹಾರಾಜ ಆಫ್ ಮೈಸೂರ್’, ‘ದಿ ಡೆಪ್ಯುಟಿ ಕಮಿಷನರ್’. ‘ವಿಶ್ವೇಶ್ವರಯ್ಯ ವಾಸ್ ದಿ ದಿವಾನ್ ಆಫ್ ಮೈಸೂರ್ ಫ್ರಮ್ 1912 ಟು 1918’ ಸರಿ. ಒಬ್ಬರೇ ಇರೋ ಹುದ್ದೆಯಾದ್ದರಿಂದ ‘ವಾಸ್ ದಿವಾನ್ ಆಫ್ ಮೈಸೂರ್’ ಅಂತ ಬಿಟ್ಟು ಬರೆದರೂ ಸರಿ. ಮನೆತನವನ್ನೇ ಒಟ್ಟಾಗಿ ಹೇಳಿದರೆ ಬಹುವಚನದ ಜೊತೆ ‘ದಿ’: ದಿ ಒಡೆಯರ್ಸ್, ದಿ ಹೊಯ್ಸಳಾಸ್, ದಿ ಗಂಗಾಸ್. ಇನ್ನು ‘ಎ ಮಿಸ್ಟರ್ ಗೌಡ ಕಾಲ್ಡ್ ಯು’ ಅಂದರೆ ಗೌಡ ಅಂತ ಯಾರೋ ಒಬ್ಬರು, ನನಗೆ ಪರಿಚಯ ಇಲ್ಲ ಅಂತ. ಹೆಸರಿಗೆ ‘ಎ’ ಹಾಕೋ ಇಂಥ ಜಾಗ ಕಡಿಮೆ, ಆದರೆ ತಪ್ಪಲ್ಲ.

*ಊರು, ತಾಲ್ಲೂಕು, ಜಿಲ್ಲೆ, ದೇಶ.* ಮೈಸೂರು, ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣ, ಯಾವುದಕ್ಕೂ ಬೇಡ. ‘ಮಂಡ್ಯ ಡಿಸ್ಟ್ರಿಕ್ಟ್’, ‘ಪಾಂಡವಪುರ ತಾಲ್ಲೂಕ್’ ಕೂಡ ಬರಿಯಾಗೇ. ತಿರುಗಿಸಿ ‘ಆಫ್’ ಹಾಕಿದರೆ ‘ದಿ’ ಬರುತ್ತೆ: ‘ದಿ ಡಿಸ್ಟ್ರಿಕ್ಟ್ ಆಫ್ ಮಂಡ್ಯ’. ಅದೇ ರೀತಿ ‘ದಿ ಗವರ್ನ್‌ಮೆಂಟ್ ಆಫ್ ಕರ್ನಾಟಕ’, ಅರ್ಜಿಗಳಲ್ಲಿ ಇದನ್ನು ಬಹಳ ಜನ ಬಿಡ್ತಾರೆ. ದೇಶಗಳಲ್ಲಿ ಇಂಡಿಯಾ, ಜಪಾನ್, ನೇಪಾಲ್ ಬರಿ ಹೆಸರು. ಹೆಸರೊಳಗೆ ಸ್ಟೇಟ್ಸ್, ಕಿಂಗ್‌ಡಮ್, ಎಮಿರೇಟ್ಸ್ ಥರದ ಸಾಮಾನ್ಯ ಪದ ಇದ್ದರೆ ಅಥವಾ ಹೆಸರೇ ಬಹುವಚನವಾಗಿದ್ದರೆ ‘ದಿ’: ದಿ ಯುನೈಟೆಡ್ ಸ್ಟೇಟ್ಸ್, ದಿ ಯುನೈಟೆಡ್ ಕಿಂಗ್‌ಡಮ್, ದಿ ಮಾಲ್ಡೀವ್ಸ್, ದಿ ನೆದರ್‌ಲ್ಯಾಂಡ್ಸ್.

*ನೀರು ಮತ್ತು ಬೆಟ್ಟ.* ಹರಿಯೋ ನೀರಿಗೆ ‘ದಿ’ ಬೇಕು: ದಿ ಕಾವೇರಿ, ದಿ ಕಬಿನಿ, ದಿ ಹೇಮಾವತಿ, ದಿ ಶಿಂಷಾ. ನಾಲೆಗೂ ಬೇಕು, ನಾವು ವಿ.ಸಿ. ನಾಲೆ ಅನ್ನೋದು ಬರವಣಿಗೆಯಲ್ಲಿ ‘ದಿ ವಿಶ್ವೇಶ್ವರಯ್ಯ ಕೆನಾಲ್’. ಕಡಲಿಗೂ ಬೇಕು: ದಿ ಅರೇಬಿಯನ್ ಸೀ. ಕೆರೆಗೆ ಬೇಡ: ಕುಕ್ಕರಹಳ್ಳಿ ಲೇಕ್, ಕಾರಂಜಿ ಲೇಕ್. ಅಣೆಕಟ್ಟಿನಲ್ಲಿ ನೋಡಿಕೊಂಡು ಹಾಕಿ. ‘ಕೃಷ್ಣರಾಜಸಾಗರ’ ಒಂದೇ ಇದ್ದರೆ ಬೇಡ, ‘ದಿ ಕೃಷ್ಣರಾಜಸಾಗರ ಡ್ಯಾಮ್’ ಅಂದರೆ ಬೇಕು. ಕನ್ನಂಬಾಡಿ ಕಟ್ಟೆ ಬಗ್ಗೆ ಒಂದು ವಾಕ್ಯ ಬರೆದು ಅಭ್ಯಾಸ ಮಾಡಿ: ‘ಕೆ.ಆರ್.ಎಸ್. ಈಸ್ ಎ ಡ್ಯಾಮ್ ಅಕ್ರಾಸ್ ದಿ ಕಾವೇರಿ.’ ಹೆಸರಿಗೆ ಏನೂ ಇಲ್ಲ, ಡ್ಯಾಮಿಗೆ ‘ಎ’, ನದಿಗೆ ‘ದಿ’. ಮೂರು ನಿಯಮ ಒಂದೇ ಸಾಲಿನಲ್ಲಿ.

ಒಂಟಿ ಬೆಟ್ಟಕ್ಕೆ ಬೇಡ: ಚಾಮುಂಡಿ ಹಿಲ್, ಮೌಂಟ್ ಎವರೆಸ್ಟ್. ಸಾಲು ಬೆಟ್ಟಕ್ಕೆ ಬೇಕು: ದಿ ವೆಸ್ಟರ್ನ್ ಘಾಟ್ಸ್, ದಿ ನೀಲಗಿರೀಸ್, ದಿ ಹಿಮಾಲಯಾಸ್. ಚಾಮುಂಡಿ ಬೆಟ್ಟವನ್ನು ‘ಹಿಲ್ಸ್’ ಅಂತ ಬಹುವಚನದಲ್ಲಿ ಬರೆಯೋ ರೂಢಿ ಇದೆ. ಆಗಲೂ ಅದು ಒಂದು ಜಾಗದ ಹೆಸರಾಗಿ ನಿಂತಿರೋದರಿಂದ ‘ವಿ ಕ್ಲೈಂಬ್ಡ್ ಚಾಮುಂಡಿ ಹಿಲ್ಸ್’ ಅಂತ ಬರಿಯಾಗಿ ಬಿಡೋದೇ ರೂಢಿ.

*ರಸ್ತೆ, ಕಟ್ಟಡ, ವಿದ್ಯಾಸಂಸ್ಥೆ.* ಸಯ್ಯಾಜಿ ರಾವ್ ರೋಡ್, ಇರ್ವಿನ್ ರೋಡ್, ಕೆ.ಆರ್. ಸರ್ಕಲ್: ಬೇಡ. ಎಕ್ಸ್‌ಪ್ರೆಸ್‌ವೇಗೆ ಬೇಕು: ‘ದಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ’. ಊರಿನ ಹೆಸರು ಮೊದಲು ಬಂದ ಕಟ್ಟಡ, ಸಂಸ್ಥೆಗಳಿಗೆ ಸಾಮಾನ್ಯವಾಗಿ ಬೇಡ: ಮಂಡ್ಯ ರೈಲ್ವೇ ಸ್ಟೇಶನ್, ಮೈಸೂರ್ ಮೆಡಿಕಲ್ ಕಾಲೇಜ್. ಮಹಾರಾಜಾಸ್ ಕಾಲೇಜ್, ಯುವರಾಜಾಸ್ ಕಾಲೇಜ್, ಸೇಂಟ್ ಫಿಲೋಮಿನಾಸ್ ಚರ್ಚ್ ಇಂಥ ಷಷ್ಠಿಯ ‘ಎಸ್’ ಇರೋ ಹೆಸರಿಗೂ ಬೇಡ.

ಈಗ 1ನೇ ಹಂತದಲ್ಲಿ ಹೇಳಿದ್ದನ್ನು ತೆಗೆಯಿರಿ. 1916ರಲ್ಲಿ ಶುರುವಾದ ನಮ್ಮ ವಿಶ್ವವಿದ್ಯಾನಿಲಯವನ್ನು ಎರಡು ಥರ ಕರೀಬಹುದು. ‘ಮೈಸೂರ್ ಯುನಿವರ್ಸಿಟಿ’ ಅಂದರೆ ಆರ್ಟಿಕಲ್ ಇಲ್ಲ. ‘ದಿ ಯುನಿವರ್ಸಿಟಿ ಆಫ್ ಮೈಸೂರ್’ ಅಂದರೆ ‘ದಿ’ ಬೇಕು. ಬಯೋಡೇಟಾದಲ್ಲಿ ಪಟ್ಟಿ ಮಾಡುವಾಗ ‘ದಿ’ ಬಿಟ್ಟರೆ ನಡೆಯುತ್ತೆ, ವಾಕ್ಯದೊಳಗೆ ಬಿಡಬಾರದು. 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಸ್ಪೆಲಿಂಗ್ ಮೈಸೂರು ಅಂತ ಬದಲಾದರೂ ವಿಶ್ವವಿದ್ಯಾನಿಲಯ ಹಳೆಯ ಹೆಸರನ್ನೇ ಇಟ್ಟುಕೊಂಡಿದೆ. ಅರ್ಜಿಯಲ್ಲಿ ಅದನ್ನು ತಿದ್ದೋಕೆ ಹೋಗಬೇಡಿ.

ಅರಮನೆ ವಿಷಯದಲ್ಲಿ ‘ಮೈಸೂರ್ ಪ್ಯಾಲೇಸ್’, ‘ದಿ ಮೈಸೂರ್ ಪ್ಯಾಲೇಸ್’ ಎರಡೂ ಬಳಕೆಯಲ್ಲಿವೆ. ಒಂದನ್ನು ಹಿಡಿದುಕೊಂಡು ಕೊನೆವರೆಗೂ ಅದನ್ನೇ ಬರೆಯಿರಿ. ಹೆಸರು ಬಿಟ್ಟು ‘ಓಲ್ಡ್ ಪ್ಯಾಲೇಸ್’ ಅಂದರೆ ಮಾತ್ರ ‘ದಿ’ ತಪ್ಪಿಸೋ ಹಾಗಿಲ್ಲ: ‘ದಿ ಓಲ್ಡ್ ಪ್ಯಾಲೇಸ್ ವಾಸ್ ಡ್ಯಾಮೇಜ್ಡ್ ಇನ್ ಎ ಫೈರ್ ಇನ್ 1897.’ ಹಳೆಯ ಅರಮನೆ ಯಾವುದು ಅಂತ ಗೊತ್ತು, ಬೆಂಕಿಯ ಸುದ್ದಿ ಕೇಳುವವರಿಗೆ ಹೊಸದು.

*ರೈಲು, ಪೇಪರು, ಚಿಕ್ಕಕ್ಷರ.* ರೈಲಿನ ಹೆಸರಿಗೆ ‘ದಿ’: ದಿ ಚಾಮುಂಡಿ ಎಕ್ಸ್‌ಪ್ರೆಸ್, ದಿ ಒಡೆಯರ್ ಎಕ್ಸ್‌ಪ್ರೆಸ್. ಪತ್ರಿಕೆಗಳಿಗೆ ಅವರು ಏನು ಅಚ್ಚು ಹಾಕಿಸಿದ್ದಾರೋ ಅದು: ‘ದಿ ಹಿಂದೂ’ಗೆ ಇದೆ, ‘ಸ್ಟಾರ್ ಆಫ್ ಮೈಸೂರ್’ಗೆ ಇಲ್ಲ. ‘ಆಫ್ ಇದ್ದರೆ ದಿ’ ಅನ್ನೋ ನಿಯಮ ಇಂಥ ಕಡೆ ಸೋಲುತ್ತೆ, ‘ಬ್ಯಾಂಕ್ ಆಫ್ ಬರೋಡಾ’ ಕೂಡ ಹಾಗೇ. ಚಿಕ್ಕಕ್ಷರವನ್ನು, ಅಂದರೆ ಉದ್ದ ಹೆಸರಿನ ಮೊದಲಕ್ಷರ ಸೇರಿಸಿ ಮಾಡಿದ ಗಿಡ್ಡ ಹೆಸರನ್ನು, ಒಂದು ಪದದ ಥರ ಓದಿದರೆ ಬೇಡ: ಇಸ್ರೋ, ಯುನೆಸ್ಕೋ, ನಮ್ಮ ಮಂಡ್ಯದ ಮೆಡಿಕಲ್ ಕಾಲೇಜು ಮಿಮ್ಸ್. ಬಿಡಿಬಿಡಿಯಾಗಿ ಓದೋದಕ್ಕೆ ಬಹಳ ಸಲ ಬೇಕು: ದಿ ಆರ್.ಬಿ.ಐ., ದಿ ಯು.ಎನ್. ವಿದ್ಯಾಸಂಸ್ಥೆ, ಸಂಶೋಧನಾ ಸಂಸ್ಥೆಗಳ ಚಿಕ್ಕಕ್ಷರವನ್ನು ಬರಿಯಾಗಿ ಬಿಡೋದೇ ಹೆಚ್ಚು: ‘ಶಿ ವರ್ಕ್ಸ್ ಅಟ್ ಸಿ.ಎಫ್.ಟಿ.ಆರ್.ಐ.’ ಪೂರ್ತಿ ಬಿಡಿಸಿ ಬರೆದರೆ ‘ದಿ ಸೆಂಟ್ರಲ್ ಫುಡ್ ಟೆಕ್ನಲಾಜಿಕಲ್ ರಿಸರ್ಚ್ ಇನ್‌ಸ್ಟಿಟ್ಯೂಟ್’.

ಹಂತ 6: ಈಗ ಕಿವಿ ತೆರೆಯಿರಿ, ಎ ಅಥವಾ ಆ್ಯನ್

ಎಲ್ಲ ಆಗಿ ‘ಎ’ ಬೇಕು ಅಂತ ತೀರ್ಮಾನ ಆದ ಮೇಲಷ್ಟೇ ಈ ಪ್ರಶ್ನೆ. ಮುಂದಿನ ಪದದ ಮೊದಲ ಸದ್ದು ಸ್ವರವಾದರೆ ‘ಆ್ಯನ್’. ಅಕ್ಷರ ನೋಡಬೇಡಿ, ಸದ್ದು ಕೇಳಿ. ‘ಅವರ್’ (ಗಂಟೆ), ‘ಆನೆಸ್ಟ್’ ಪದಗಳಲ್ಲಿ ಮೊದಲಿಗೆ ಎಚ್ ಅಕ್ಷರ ಬರೆದರೂ ಸದ್ದಿಲ್ಲ, ಹಾಗಾಗಿ ‘ಆ್ಯನ್ ಅವರ್’, ‘ಆ್ಯನ್ ಆನೆಸ್ಟ್ ಮ್ಯಾನ್’. ಯುನಿವರ್ಸಿಟಿ, ಯೂನಿಫಾರ್ಮ್, ಯೂಸ್‌ಫುಲ್, ಯುರೋಪಿಯನ್ ಇವಕ್ಕೆ ಯಕಾರದ ಸದ್ದು, ‘ಒನ್’ ಪದಕ್ಕೆ ವಕಾರದ ಸದ್ದು, ಹಾಗಾಗಿ ‘ಎ’.

ಇಲ್ಲಿ ಕನ್ನಡಿಗರು ಬೀಳೋ ಒಂದು ಗುಂಡಿ ಇದೆ. ನಾವು ‘ಎಲ್ಲಿ’ ಅಂತ ಬರೆದರೂ ‘ಯೆಲ್ಲಿ’ ಅಂತೀವಿ, ‘ಒಳಗೆ’ ಬರೆದು ‘ವೊಳಗೆ’ ಅಂತೀವಿ. ಆ ನಾಲಿಗೆ ಇಂಗ್ಲಿಷಿಗೂ ಬರುತ್ತೆ: ಯೆಗ್ಗು, ಯೆಮ್ಮೆಲ್ಲೆ, ಯೆಸ್ಸೆಸ್ಸೆಲ್ಸಿ. ಒಬ್ಬ ಹುಡುಗಿ ನನ್ನ ಮುಂದೆ ಕೂತು ‘ಎ ಎಂ.ಎಲ್.ಎ.’ ಅಂತ ಬರೆದಳು. ಯಾಕಮ್ಮ ಅಂದಾಗ ‘ಸದ್ದು ಕೇಳಿ ಅಂದ್ರಲ್ಲ ಸಾರ್, ಯೆಮ್ಮೆಲ್ಲೆ, ಯ ಬಂತಲ್ಲ’ ಅಂದಳು. ಅವಳು ನಿಯಮ ಸರಿಯಾಗೇ ಹಾಕಿದ್ದಳು, ಸದ್ದು ಕನ್ನಡದ್ದಾಗಿತ್ತು. ಅವತ್ತಿನಿಂದ ಈ ಹಂತದಲ್ಲಿ ಡಿಕ್ಷನರಿಯ ಸ್ಪೀಕರ್ ಗುರುತು ಒತ್ತಿ ಕೇಳೋದನ್ನು ಕಡ್ಡಾಯ ಮಾಡಿದ್ದೀನಿ.

ಬಿಡಿಬಿಡಿಯಾಗಿ ಓದೋ ಚಿಕ್ಕಕ್ಷರದ ಮೊದಲ ಅಕ್ಷರ ಎ, ಇ, ಎಫ್, ಎಚ್, ಐ, ಎಲ್, ಎಂ, ಎನ್, ಓ, ಆರ್, ಎಸ್, ಎಕ್ಸ್ ಆದರೆ ‘ಆ್ಯನ್’: ಆ್ಯನ್ ಆರ್.ಟಿ.ಸಿ., ಆ್ಯನ್ ಎಫ್.ಐ.ಆರ್., ಆ್ಯನ್ ಎನ್.ಓ.ಸಿ., ಆ್ಯನ್ ಎಲ್.ಐ.ಸಿ. ಏಜೆಂಟ್. ಉಳಿದವಕ್ಕೆ ‘ಎ’, ಸ್ವರಾಕ್ಷರವಾದರೂ ‘ಯು’ಗೆ ಕೂಡ ‘ಎ’: ಎ ಯು.ಪಿ.ಐ. ಪೇಮೆಂಟ್. ನಡುವೆ ಬೇರೆ ಪದ ನುಸುಳಿದರೆ ಅದರ ಸದ್ದೇ ಲೆಕ್ಕ: ‘ಆ್ಯನ್ ಆನೆಸ್ಟ್ ಮ್ಯಾನ್’, ಆದರೆ ‘ಎ ವೆರಿ ಆನೆಸ್ಟ್ ಮ್ಯಾನ್’.

ಹಂತ 7: ಒಂದು ಪ್ಯಾರಾ ಪೂರ್ತಿ ತಿದ್ದೋಣ

ನನ್ನ ಮುಂದೆ ಬರೋ ನೋಟ್‌ಬುಕ್ಕುಗಳಲ್ಲಿ ಪರಿಚಯದ ಪ್ಯಾರಾ ಹೆಚ್ಚುಕಡಿಮೆ ಹೀಗಿರುತ್ತೆ:

‘ಐ ಆ್ಯಮ್ ಸ್ಟೂಡೆಂಟ್ ಫ್ರಮ್ ದಿ ಮಂಡ್ಯ. ಮೈ ಫಾದರ್ ಈಸ್ ಫಾರ್ಮರ್. ಹಿ ಗ್ರೋಸ್ ದಿ ಶುಗರ್‌ಕೇನ್. ಅವರ್ ವಿಲೇಜ್ ಈಸ್ ನಿಯರ್ ಕಾವೇರಿ. ಐ ಸ್ಟಡಿ ಅಟ್ ಯುನಿವರ್ಸಿಟಿ ಆಫ್ ಮೈಸೂರ್. ಲಾಸ್ಟ್ ಇಯರ್ ಐ ಗಾಟ್ ಆ್ಯನ್ ಯೂಸ್‌ಫುಲ್ ಅಡ್ವೈಸ್ ಫ್ರಮ್ ಎ ಎಂ.ಎಲ್.ಎ.’

ಮೊದಲ ವಾಕ್ಯ. ಸ್ಟೂಡೆಂಟ್ ಎಣಿಸೋ ಪದ, ಏಕವಚನ, ಬರಿಮೈ. ಓದುವವರಿಗೆ ನೀವು ಹೊಸಬರು, ಹಾಗಾಗಿ ‘ಎ ಸ್ಟೂಡೆಂಟ್’. ಮಂಡ್ಯ ಊರು, ‘ದಿ’ ಹೊಡೆಯಿರಿ. ಎರಡನೆಯದರಲ್ಲಿ ಫಾದರ್ ಮುಂದೆ ಮೈ ಇದೆ, ಬಿಡಿ. ಫಾರ್ಮರ್ ಬರಿಮೈಯಲ್ಲಿದೆ, ‘ಎ’ ಹಾಕಿ. ಮೂರನೆಯದು ಕಬ್ಬು ಬೆಳೀತಾರೆ ಅನ್ನೋ ಒಟ್ಟು ಮಾತು, ಇಂಥದ್ದೇ ಕಬ್ಬು ಅಂತಲ್ಲ, ‘ದಿ’ ತೆಗೆಯಿರಿ. ನಾಲ್ಕನೆಯದು ನದಿ: ‘ನಿಯರ್ ದಿ ಕಾವೇರಿ’. ಐದನೆಯದರಲ್ಲಿ ‘ಆಫ್’ ಇದೆ, ಯಜಮಾನ ಯುನಿವರ್ಸಿಟಿ: ‘ಅಟ್ ದಿ ಯುನಿವರ್ಸಿಟಿ ಆಫ್ ಮೈಸೂರ್’.

ಕೊನೆಯ ವಾಕ್ಯದಲ್ಲಿ ಕ್ರಮ ಎಷ್ಟು ಮುಖ್ಯ ಅಂತ ಕಾಣುತ್ತೆ. ಸದ್ದಿನಿಂದ ಶುರು ಮಾಡಿದವರು ‘ಆ್ಯನ್ ಯೂಸ್‌ಫುಲ್’ ಅನ್ನೋದನ್ನು ‘ಎ ಯೂಸ್‌ಫುಲ್’ ಅಂತ ತಿದ್ದಿ ಮುಂದೆ ಹೋಗ್ತಾರೆ, ತಪ್ಪು ಹಾಗೇ ಉಳಿಯುತ್ತೆ. ಯಜಮಾನನಿಂದ ಶುರು ಮಾಡಿದರೆ 2ನೇ ಹಂತದಲ್ಲೇ ಅಡ್ವೈಸ್ ಎಣಿಸೋ ಪದ ಅಲ್ಲ ಅಂತ ಗೊತ್ತಾಗುತ್ತೆ, ‘ಎ’ಯೋ ‘ಆ್ಯನ್’ನೋ ಅನ್ನೋ ಪ್ರಶ್ನೆಯೇ ಹುಟ್ಟಲ್ಲ. ‘ಲಾಸ್ಟ್ ಇಯರ್ ಐ ಗಾಟ್ ಸಮ್ ಯೂಸ್‌ಫುಲ್ ಅಡ್ವೈಸ್ ಫ್ರಮ್ ಆ್ಯನ್ ಎಂ.ಎಲ್.ಎ.’ ಆ ಎಂ.ಎಲ್.ಎ. ನಿಮ್ಮ ಕ್ಷೇತ್ರದವರೇ ಆಗಿದ್ದರೆ ‘ಫ್ರಮ್ ಅವರ್ ಎಂ.ಎಲ್.ಎ.’ ಅಂತ ಬರೆದುಬಿಡಿ, ‘ಯಾವ ಎಂ.ಎಲ್.ಎ.?’ ಅಂತ ಯಾರೂ ಕೇಳಲ್ಲ.